ಮರದ ಗಿಟಾರೋ, ಕರಿ ಗಿಟಾರೋ?

ನಮ್ಮ ಸಿನಿಮಾ ಹೀರೋಗಳಿಗೆ ದೇವರು ಒಂದು ವರ ಕೊಟ್ಟಿದ್ದಾನೆ. ಜಡಿಮಳೆಯಲ್ಲಿ ಗಿಟಾರ್ ಹಿಡಿದು ನಿಂತರೂ ಅವರ ಶ್ರುತಿ ಜಾರೋದಿಲ್ಲ! ನಾಯಕಿ ಕೊಡೆ ಬಿಸಾಕಿ ಓಡಿ ಬರುತ್ತಾಳೆ, ನಾಯಕ ಒದ್ದೆ ಕೂದಲು ಕೊಡವಿ ತಂತಿ ಮೀಟುತ್ತಾನೆ, ಎಲ್ಲಿಂದಲೋ ಐವತ್ತು ಪಿಟೀಲು ಮೊಳಗುತ್ತವೆ... ಅದು ಪ್ರಾಪರ್ಟಿಯವರ ಗಿಟಾರು ಸ್ವಾಮಿ. ಶಾಟ್ ಮುಗಿದ ಮೇಲೆ ಅದರ ಹೊಟ್ಟೆಯಲ್ಲಿ ತುಂಬಿದ ನೀರು ಚೆಲ್ಲಿ, ಬಿಸಿಲಿಗೆ ಒಣಗಿಸಿ, ಮುಂದಿನ ಚಿತ್ರಕ್ಕೆ ಬೇರೆ ಬಣ್ಣ ಬಳಿದು ಕಳಿಸಿದರೆ ಆಯಿತು. ನಮ್ಮ ಕಿವಿಗೆ ಬೀಳುವ ಗಿಟಾರು ಬೇರೆಯದು. ಅದು ಏರ್‌ಕಂಡೀಷನ್ ಹಾಕಿದ ರೆಕಾರ್ಡಿಂಗ್ ಥಿಯೇಟರಿನಲ್ಲಿ ತಣ್ಣಗೆ ಕೂತ ಗಿಟಾರು. ಮಳೆಯನ್ನು ಅದು ಕಿಟಕಿಯಿಂದಲೂ ನೋಡಿರುವುದಿಲ್ಲ.

ಈ ವಾರದ ಮಾತು ಈ ಎರಡರ ಬಗ್ಗೆ ಅಲ್ಲ, ಮೂರನೆಯದರ ಬಗ್ಗೆ. ಅದೇ ಹಾಡನ್ನು ಬೆನ್ನಿಗೆ ಹಾಕಿಕೊಂಡು ಊರೂರು ಅಲೆಯುವ ಆರ್ಕೆಸ್ಟ್ರಾ ಗಿಟಾರು.

1981ರ 'ಗೀತಾ' ಚಿತ್ರದ ಒಂದು ಹಾಡಾದರೂ ಇಲ್ಲದ ಆರ್ಕೆಸ್ಟ್ರಾವನ್ನು ನಾನಂತೂ ನೋಡಿಲ್ಲ. ಶಂಕರ್‌ನಾಗ್ ಅಂತ ಮೈಕಿನಲ್ಲಿ ಕೂಗಿದರೆ ಸಾಕು, ಹಿಂದಿನ ಸಾಲಿನಿಂದ ಟವೆಲ್ ಹಾರುತ್ತದೆ. ಆ ಚಿತ್ರದ ಸಂಗೀತ ಇಳಯರಾಜಾ ಅವರದು. ಅವರೂ ಗಿಟಾರ್ ಹಿಡಿದ ಕೈಯೇ. ಸಂಗೀತ ನಿರ್ದೇಶಕರಾಗುವ ಮೊದಲು ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ವಾದ್ಯಗಾರರಾಗಿ, ಸಹಾಯಕರಾಗಿ ದುಡಿದವರು. ಅಂಥವರು ಕಟ್ಟಿದ ಹಾಡನ್ನು ವೇದಿಕೆಯಲ್ಲಿ ಗಿಟಾರ್ ಇಲ್ಲದೆ ನುಡಿಸುವುದು ಉಪ್ಪಿಲ್ಲದ ಸಾರು ಬಡಿಸಿದ ಹಾಗೆ. ಆದರೂ ಬಡಿಸುವವರು ಹೆಚ್ಚುತ್ತಿದ್ದಾರೆ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಹಾಸನದ ಕಡೆಯ ಒಬ್ಬ ಗೆಳೆಯನಿದ್ದಾನೆ. ಹೆಸರು ಬೇಡ, ಅವನೇ ಬೇಡ ಅಂದಿದ್ದಾನೆ. ಇಪ್ಪತ್ತಾರು ವಯಸ್ಸು. ಅಪ್ಪ ಮರಗೆಲಸದವರು, ಮಗ ಗಿಟಾರಿನವನು. ಹೇಗೆ ನೋಡಿದರೂ ಮನೆಗೆ ಅನ್ನ ಹಾಕುವುದು ಮರವೇ. ಗಣೇಶನ ಸೀಸನ್ನಿನಲ್ಲಿ ಕುಂದಾಪುರದ ಕಡೆ ನಾಲ್ಕು ರಾತ್ರಿ ಕಾರ್ಯಕ್ರಮ. ಬಿಟ್ಟೂಬಿಡದ ಮಳೆ. ಮೂರನೇ ರಾತ್ರಿಯ ಹೊತ್ತಿಗೆ ತಂತಿಗಳು ಮೇಲೆದ್ದು, ಒತ್ತಿ ಒತ್ತಿ ಬೆರಳ ತುದಿ ಕಿತ್ತುಬಂತು. ಹೇಗೋ ಮುಗಿಸಿದ. ನವೆಂಬರಿನಲ್ಲಿ ರಾಜ್ಯೋತ್ಸವ ಅಂತ ಮೈಸೂರು, ಮಂಡ್ಯ ಸುತ್ತಿದ. ಆಮೇಲೆ ಜಾತ್ರೆ ಕಾಲ. ಏಪ್ರಿಲ್ ಬಿಸಿಲಲ್ಲಿ ಟಿ.ಟಿ. ಹತ್ತಿ ರಾಯಚೂರಿನ ಕಡೆ ಹೊರಟರು. ಮಧ್ಯಾಹ್ನವೆಲ್ಲ ಗಾಡಿ ಬಯಲಲ್ಲಿ ನಿಂತಿತ್ತು, ಗಿಟಾರು ಒಳಗೇ ಇತ್ತು. ರಾತ್ರಿ ಎರಡನೇ ಹಾಡಿಗೆ 'ಟಪ್' ಅಂತ ಬ್ರಿಜ್ ಕಿತ್ತುಕೊಂಡಿತು.

ಉಳಿದ ಹಾಡುಗಳನ್ನೆಲ್ಲ ಕೀಬೋರ್ಡಿನವನು ಗಿಟಾರಿನ ದನಿ ಒತ್ತಿ ನುಡಿಸಿ ಮುಗಿಸಿದ. ಜನಕ್ಕೆ ವ್ಯತ್ಯಾಸ ಗೊತ್ತಾಯಿತೋ ಇಲ್ಲವೋ, ಮಾಲೀಕನಿಗಂತೂ ಗೊತ್ತಾಯಿತು. ಗೆಳೆಯನಿಗೆ ಅರ್ಧ ಸಂಭಾವನೆ ಕೊಟ್ಟು, "ಎಲ್ಲಾ ಕೀಬೋರ್ಡಲ್ಲೇ ಬರುತ್ತಲ್ಲೋ ಮಾರಾಯ, ಇನ್ನೊಂದು ಸೀಟ್ ಯಾಕೆ ಸುಮ್ನೆ?" ಅಂದನಂತೆ. ಅರ್ಧ ದುಡ್ಡು ಹೋದದ್ದಕ್ಕಿಂತ ಆ 'ಸೀಟ್' ಅನ್ನೋ ಮಾತು ಇವನ ಎದೆಗೆ ನಾಟಿದೆ.

ಈಗ ಅವನ ಕೈಯಲ್ಲಿ ಐವತ್ತೈದು ಸಾವಿರ ಇದೆ. ಅರ್ಧ ಅವನ ಉಳಿತಾಯ, ಅರ್ಧ ಅವರವ್ವ ಸ್ತ್ರೀಶಕ್ತಿ ಸಂಘದಲ್ಲಿ ಎತ್ತಿದ ಸಾಲ. ನನಗೆ ಫೋನ್ ಹಚ್ಚಿ ಕೇಳಿದ: "ಗುರೂ, ಕಾರ್ಬನ್ ಗಿಟಾರ್ ಅಂತ ಐತಂತೆ. ಮಳೇಲಿ ನೆನೆದ್ರೂ ಏನೂ ಆಗಲ್ವಂತೆ. ತಗಂಬಿಡ್ಲಾ?"

ತಗೋ, ಬಿಡು ಅಂತ ಒಂದು ಮಾತಲ್ಲಿ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಸಂಘದ ಸಾಲದ ದುಡ್ಡು ನೋಡಿ, ನಾಲಿಗೆ ಏಳಲಿಲ್ಲ. ಓದಿದೆ, ಕೇಳಿದೆ, ರಿಪೇರಿ ಮಾಡುವವರ ಅಂಗಡಿಯಲ್ಲಿ ಎರಡು ದಿನ ಕೂತೆ. ಪಿಯುಸಿಗೇ ಕೈಮುಗಿದು ಬಂದ ನನಗೇ ಅರ್ಥವಾದ ವಿಷಯ ನಿಮಗೆ ಅರ್ಥವಾಗದೆ ಇರುತ್ತದೆಯೇ?

ಮೊದಲು ಮರ. ಮಳೆಗಾಲದಲ್ಲಿ ನಿಮ್ಮ ಮನೆ ಬಾಗಿಲು ಬಿಗಿಯಾಗಿ ಚೌಕಟ್ಟಿಗೆ ಕಚ್ಚಿಕೊಳ್ಳುವುದಿಲ್ಲವೇ? ಬೇಸಗೆಯಲ್ಲಿ ಅದೇ ಬಾಗಿಲ ಸಂದಿಯಲ್ಲಿ ಬೆಳಕು ಕಾಣುವುದಿಲ್ಲವೇ? ಗೆಳೆಯನ ಅಪ್ಪ ಇದನ್ನು ಒಂದೇ ಮಾತಲ್ಲಿ ಹೇಳಿದರು: "ಮರ ಸತ್ರೂ ನೀರು ಕುಡಿಯೋದು ಬಿಡಕಿಲ್ಲ." ಗಾಳಿಯಲ್ಲಿ ತೇವ ಹೆಚ್ಚಾದರೆ ಕುಡಿಯುತ್ತದೆ, ಉಬ್ಬುತ್ತದೆ. ಕಡಿಮೆಯಾದರೆ ಕಕ್ಕುತ್ತದೆ, ಕುಗ್ಗುತ್ತದೆ. ಉದ್ದಕ್ಕೆ ಅಲ್ಲ, ನಾರಿಗೆ ಅಡ್ಡಡ್ಡ. ಗಿಟಾರಿನ ಮುಂಭಾಗದ ಹಲಗೆ ಸಾಮಾನ್ಯವಾಗಿ ಸ್ಪ್ರೂಸ್ ಎಂಬ ಚಳಿನಾಡಿನ ಮರದ್ದು. ದಪ್ಪ ಸುಮಾರು 3 ಮಿಲಿಮೀಟರು, ಅಷ್ಟೇ! ಅದರ ಮೇಲೆ ಆರು ಉಕ್ಕಿನ ತಂತಿಗಳು 70 ಕಿಲೋಗೂ ಹೆಚ್ಚು ಬಲದಲ್ಲಿ ಜಗ್ಗುತ್ತಿರುತ್ತವೆ. ಒಬ್ಬ ಆಳು ಹಗಲೂ ರಾತ್ರಿ ಜೋತುಬಿದ್ದ ಲೆಕ್ಕ. ಹಲಗೆ ದಪ್ಪ ಮಾಡಿದರೆ ಗಟ್ಟಿಯಾಗುತ್ತದೆ, ಆದರೆ ದನಿ ಸಾಯುತ್ತದೆ. ತೆಳುವಾದರೆ ಹಾಡುತ್ತದೆ, ಆದರೆ ಹವೆಗೆ ಹೆದರುತ್ತದೆ. ಮರದ ಗಿಟಾರಿನ ಪಾಡೇ ಇದು.

ತಯಾರಕರು ಹೇಳುವುದು, ಗಾಳಿಯ ತೇವ ಶೇ. 45ರಿಂದ 55ರ ಒಳಗಿದ್ದರೆ ಗಿಟಾರು ಸುಖವಾಗಿರುತ್ತದೆ ಅಂತ. ಈಗ ನಮ್ಮ ನಾಡಿನ ನಕ್ಷೆ ಬಿಡಿಸಿ ನೋಡಿ. ಜುಲೈನಲ್ಲಿ ಮಂಗಳೂರಿನ ಗಾಳಿಯಲ್ಲಿ ತೇವ ಶೇ. 90ರ ಆಸುಪಾಸು. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಏಪ್ರಿಲ್ ಮಧ್ಯಾಹ್ನ ರಾಯಚೂರು, ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟಿ, ಗಾಳಿಯ ತೇವ ಶೇ. 30ಕ್ಕೂ ಕೆಳಗೆ. ಒಂದೇ ರಾಜ್ಯ, ಒಂದೇ ಪರ್ಮಿಟ್, ಒಂದೇ ಟಿ.ಟಿ. ಇಷ್ಟರ ನಡುವೆ ಗಿಟಾರು ಓಡಾಡಬೇಕು! ಒಂದೇ ಕಡೆ ಇದ್ದರೆ ಮರ ಹೇಗೋ ಹೊಂದಿಕೊಳ್ಳುತ್ತದೆ. ಮಂಗಳೂರಿನಲ್ಲೇ ಹುಟ್ಟಿ ಬೆಳೆದ ಗಿಟಾರುಗಳು ಚೆನ್ನಾಗಿಯೇ ನುಡಿಯುತ್ತಿವೆ. ಅದನ್ನು ಕೊಲ್ಲುವುದು ಮಳೆಯೂ ಅಲ್ಲ, ಬಿಸಿಲೂ ಅಲ್ಲ, ಇವತ್ತು ಅಲ್ಲಿ ನಾಳೆ ಇಲ್ಲಿ ಅನ್ನುವ ಅಲೆದಾಟ. ತೇವದಲ್ಲಿ ಹೊಟ್ಟೆ ಉಬ್ಬಿ ತಂತಿ ಮೇಲೇಳುತ್ತದೆ, ದನಿ ಮಂಕಾಗುತ್ತದೆ. ಒಣಹವೆಯಲ್ಲಿ ಹೊಟ್ಟೆ ಒಳಸೇರುತ್ತದೆ, ತಂತಿ ಫ್ರೆಟ್ಟಿಗೆ ತಗುಲಿ ಗುಂಯ್‌ಗುಡುತ್ತದೆ, ಕತ್ತಿನ ಹಲಗೆ ಕುಗ್ಗಿ ಫ್ರೆಟ್ಟಿನ ತುದಿಗಳು ಗರಗಸದ ಹಲ್ಲಿನಂತೆ ಹೊರಗೆ ಬಂದು ಅಂಗೈ ಕೀರುತ್ತವೆ. ಮುಚ್ಚಿದ ಗಾಡಿ ಬಿಸಿಲಲ್ಲಿ ನಿಂತರೆ ಒಳಗಿನ ಶಾಖ 60 ಡಿಗ್ರಿ ಮುಟ್ಟೀತು. ಗೋಂದು ಮೆತ್ತಗಾಗುತ್ತದೆ, 70 ಕಿಲೋದ ಆಳು ಜಗ್ಗುತ್ತಲೇ ಇರುತ್ತಾನೆ. ಟಪ್!

ಇನ್ನು ಕರಿ ಗಿಟಾರಿಗೆ ಬರೋಣ.

ಕಾರ್ಬನ್ ಫೈಬರ್ ಅಂದರೆ ಇದ್ದಿಲಿನ ನಾರು. ಚಳಿಗಾಲಕ್ಕೆ ಫುಟ್‌ಪಾತಿನಲ್ಲಿ ಅಕ್ರಿಲಿಕ್ ಸ್ವೆಟರ್ ಮಾರುತ್ತಾರಲ್ಲ, ಹತ್ತಿರ ಹತ್ತಿರ ಅದೇ ಜಾತಿಯ ದಾರವನ್ನು ಆಮ್ಲಜನಕ ಇಲ್ಲದ ಕುಲುಮೆಯಲ್ಲಿ 1,000 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಉಳಿದದ್ದೆಲ್ಲ ಹಾರಿಹೋಗಿ ಕಾರ್ಬನ್ ಉಳಿಯುತ್ತದೆ. ಕೂದಲಿಗಿಂತ ಎಷ್ಟೋ ತೆಳುವಾದ ಕಪ್ಪು ಎಳೆ. ಅದನ್ನು ಬಟ್ಟೆಯಂತೆ ನೇಯ್ದು, ಎಪಾಕ್ಸಿ ಅಂಟಿನಲ್ಲಿ ಅದ್ದಿ, ಅಚ್ಚಿನಲ್ಲಿ ಒತ್ತಿ ಬೇಯಿಸಿದರೆ ಉಕ್ಕಿಗೆ ಸವಾಲು ಹಾಕುವ ಹಗುರ ಹಲಗೆ ಸಿದ್ಧ. ಇದೇನು ಪರದೇಶದ ಮಾಯವಲ್ಲ. 2001ರ ಜನವರಿ 4ರಂದು ಬೆಂಗಳೂರಿನ ಆಕಾಶದಲ್ಲಿ ಮೊದಲ ಸಲ ಹಾರಿದ ನಮ್ಮ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಶೇ. 45ರಷ್ಟು ಈ ಕಾರ್ಬನ್ ಹಲಗೆಯೇ! ಗಿಟಾರಿನ ಮಟ್ಟಿಗೆ ಇದರ ದೊಡ್ಡ ಗುಣ ಒಂದೇ: ನೀರು ಕುಡಿಯುವುದಿಲ್ಲ. ಮಂಗಳೂರಿನಲ್ಲಿ ಉಬ್ಬದು, ರಾಯಚೂರಿನಲ್ಲಿ ಕುಗ್ಗದು. ಶಾಖಕ್ಕೂ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ.

ಇದನ್ನು ಗಿಟಾರಿಗೆ ತಂದವರ ಕಥೆಯೂ ಮಜವಾಗಿದೆ. ಅಮೆರಿಕದಲ್ಲಿ ಚಾರ್ಲ್ಸ್ ಕಾಮನ್ ಎಂಬಾತ ಹೆಲಿಕಾಪ್ಟರ್ ತಯಾರಕ, ಜೊತೆಗೆ ಗಿಟಾರಿನ ಹುಚ್ಚ. ವಿಮಾನದ ಕೆಲಸದಲ್ಲಿ ಕಲಿತದ್ದನ್ನೇ ಹಿಡಿದು 1966ರಲ್ಲಿ ಓವೇಷನ್ ಗಿಟಾರು ಹೊರತಂದ. ಮುಂದೆ ಮರ, ಬೆನ್ನು ಮಾತ್ರ ಗಾಜುನಾರಿನ ಗುಂಡು ಬಟ್ಟಲು. ಆಮೇಲೆ ನೆಡ್ ಸ್ಟೈನ್‌ಬರ್ಗರ್ ಎಂಬ ಪೀಠೋಪಕರಣ ವಿನ್ಯಾಸಗಾರ ಕಾರ್ಬನ್ನಿನ, ತಲೆಯೇ ಇಲ್ಲದ ಬೇಸ್ ಗಿಟಾರು ಮಾಡಿದ. 1980ರ ದಶಕದ ರಾಕ್ ಬ್ಯಾಂಡುಗಳಲ್ಲಿ ಅದೇ ಫ್ಯಾಷನ್. ಕೊನೆಗೆ 1990ರ ದಶಕದಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಜಾನ್ ಡೆಕರ್ ಎಂಬ ಭೌತವಿಜ್ಞಾನಿ ಪೂರ್ತಿ ಕಾರ್ಬನ್ನಿನ ಗಿಟಾರು ಮಾರಾಟಕ್ಕಿಟ್ಟ. ಸುತ್ತ ಸಮುದ್ರ, ಮೇಲೆ ಮಳೆ, ನಮ್ಮ ಕರಾವಳಿಯದೇ ಗೋಳು ಅಲ್ಲಿಯೂ. ಗಿಟಾರಿಗೆ ಇಟ್ಟ ಹೆಸರು ನೋಡಿ: ರೈನ್‌ಸಾಂಗ್. ಮಳೆಹಾಡು! ನಮ್ಮ ಚಿತ್ರಸಾಹಿತಿಗಳಿಗೂ ಹೊಳೆಯಬಹುದಾದ ಟೈಟಲ್ಲು.

"ಸರಿ, ಆದರೆ ದನಿ? ಮರದ ದನಿ ಬರುತ್ತಾ?" ಇದು ಎಲ್ಲರೂ ಕೇಳುವ ಪ್ರಶ್ನೆ. ನಿಜ ಹೇಳುತ್ತೇನೆ, ಪೂರ್ತಿ ಹಾಗೇ ಬರುವುದಿಲ್ಲ. ಒಳ್ಳೆಯ ಕಾರ್ಬನ್ ಗಿಟಾರಿನ ದನಿ ಸ್ವಚ್ಛ, ಗಟ್ಟಿ, ಗಂಟೆ ಹೊಡೆದ ಹಾಗೆ ಉಳಿಯುತ್ತದೆ. ಹಳೆಯ ಮರದಲ್ಲಿ ಒಂದು ಬೆಚ್ಚಗಿನ ಗುಣವಿದೆ. ರಾತ್ರಿ ಎಲ್ಲ ಮಲಗಿದ ಮೇಲೆ ಜಗಲಿಯಲ್ಲಿ ಒಬ್ಬನೇ ಕೂತು ನುಡಿಸಿದರೆ ಅದು ತಿಳಿಯುತ್ತದೆ. ಆದರೆ ಜಾತ್ರೆಯ ವೇದಿಕೆಯಲ್ಲಿ? ಗಿಟಾರಿನ ಹೊಟ್ಟೆಗೆ ಪಿಕಪ್ ಅಂಟಿಸಿ, ಮಿಕ್ಸರಿಗೆ ತೂರಿಸಿ, ಪಕ್ಕದಲ್ಲಿ ರಿದಂ ಪ್ಯಾಡ್ ಗುದ್ದುತ್ತಾ, ಡೊಳ್ಳಿನ ಗಾತ್ರದ ಸ್ಪೀಕರಿನಲ್ಲಿ ಹೊರಡುವ ದನಿಯಲ್ಲಿ 'ಇದು ಸ್ಪ್ರೂಸ್ ಮರದ ಮಾಧುರ್ಯ' ಅಂತ ಗುರುತಿಸುವ ಗಂಡು ಇದ್ದರೆ ಅವನಿಗೆ ನನ್ನ ಖರ್ಚಿನಲ್ಲಿ ಬಿರಿಯಾನಿ.

ಮರದ ಹೆಸರು ಹೇಳಿ ಬೆಲೆ ಏರಿಸುವವರಿಗೂ ಒಂದು ಮಾತು. 2018ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಪ್ರಯೋಗದಲ್ಲಿ ಒಂದೇ ಅಳತೆಯ ಆರು ಗಿಟಾರು ಮಾಡಿಸಿದರು. ಬೆನ್ನು, ಪಕ್ಕೆಯ ಮರ ಮಾತ್ರ ಬೇರೆ ಬೇರೆ, ದುಬಾರಿಯದೂ ಅಗ್ಗದ್ದೂ. 52 ಗಿಟಾರಿಸ್ಟುಗಳ ಕಣ್ಣಿಗೆ ವೆಲ್ಡಿಂಗ್ ಕನ್ನಡಕ ಹಾಕಿ, ಮಬ್ಬುಗತ್ತಲಲ್ಲಿ ಕೂರಿಸಿ ನುಡಿಸಲು ಕೊಟ್ಟರು. ಆರಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಬಿತ್ತು! ಮುಂಭಾಗದ ಹಲಗೆಯ ಮಾತು ಬೇರೆ, ಅಲ್ಲಿ ಮರ ನಿಜವಾಗಿ ಲೆಕ್ಕಕ್ಕೆ ಬರುತ್ತದೆ. ಆದರೆ ಬೆನ್ನಿನ ಮರಕ್ಕೆ ಸಾವಿರಗಟ್ಟಲೆ ಸುರಿಯುವವರು ಒಮ್ಮೆ ಆ ಕನ್ನಡಕ ಹಾಕಿಕೊಳ್ಳುವುದು ಒಳ್ಳೆಯದು.

ಅಂದಹಾಗೆ, ಆ ಬೆನ್ನಿನ ಮರಗಳಲ್ಲಿ ರಾಜನ ಪಟ್ಟ ಯಾರದು ಗೊತ್ತೇ? ನಮ್ಮ ಮಲೆನಾಡು, ಕೊಡಗಿನಲ್ಲೂ ಬೆಳೆಯುವ ಬೀಟೆ. ಮೊದಲು ಬ್ರೆಜಿಲಿನ ಬೀಟೆಗೆ ಆ ಪಟ್ಟವಿತ್ತು. ಅಲ್ಲಿಂದ ದಿಮ್ಮಿ ಬರುವುದು ನಿಂತಾಗ, 1969ರಲ್ಲಿ ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ತಿರುಗಿಕೊಂಡಿತು. ಆಮೇಲೆ ಬೀಟೆಗೂ ಕಾಯಿದೆಯ ಕಾಟ: 2017ರ ಜನವರಿಯಿಂದ ಅಂತರರಾಷ್ಟ್ರೀಯ ಒಪ್ಪಂದದಡಿ ಈ ಜಾತಿಯ ಮರಗಳ ವ್ಯಾಪಾರಕ್ಕೆಲ್ಲ ಕಾಗದಪತ್ರ ಬೇಕಾಯಿತು, ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ನವೆಂಬರಿನಲ್ಲಿ. ಬ್ರೆಜಿಲಿನ ಬೀಟೆಗೆ ಮಾತ್ರ ಈಗಲೂ ಬಿಗಿ. ದುಬೈ, ಸಿಂಗಪುರದ ಕನ್ನಡ ಸಂಘಗಳಿಗೆ ಕಾರ್ಯಕ್ರಮ ಕೊಡಲು ಹೋಗುವವರು ಅಂಥ ಹಳೇ ಗಿಟಾರ್ ಒಯ್ಯುವುದಾದರೆ ಇದು ತಲೆಯಲ್ಲಿರಲಿ. ಕಾರ್ಬನ್ನಿಗೆ ಈ ತಾಪತ್ರಯವಿಲ್ಲ, ಕಾಡಿನಲ್ಲಿ ಹುಟ್ಟಿದ್ದಲ್ಲವಲ್ಲ!

ವಿಮಾನದ ಮಾತು ಬಂತು, ಒಂದು ಪ್ರಸಂಗ. 2008ರಲ್ಲಿ ಕೆನಡಾದ ಡೇವ್ ಕ್ಯಾರೊಲ್ ಎಂಬ ಗಾಯಕ ಯುನೈಟೆಡ್ ವಿಮಾನದಲ್ಲಿ ಹೋಗುವಾಗ ಷಿಕಾಗೋದಲ್ಲಿ ಅವನ ಟೇಲರ್ ಗಿಟಾರು ಮುರಿಯಿತು. ತಿಂಗಳುಗಟ್ಟಲೆ ಅಲೆದರೂ ಪರಿಹಾರ ಸಿಗಲಿಲ್ಲ. 2009ರ ಜುಲೈನಲ್ಲಿ ಕಂಪನಿಯ ಮೇಲೆ ಒಂದು ಹಾಡು ಕಟ್ಟಿ ಯೂಟ್ಯೂಬಿಗೆ ಬಿಟ್ಟ. ಲೋಕವೆಲ್ಲ ಕೇಳಿ ನಕ್ಕಿತು, ಕಂಪನಿ ತಲೆ ತಗ್ಗಿಸಿತು. ನಮ್ಮ ಹುಡುಗರು ಹಾಡು ಕಟ್ಟಿದರೂ ಬಸ್ಸಿನ ಡಿಕ್ಕಿ ಕೇಳುತ್ತದೆಯೇ? ಗಿಟಾರು ಬಿದ್ದಾಗ ಮೊದಲು ಹೋಗುವುದು ಕತ್ತಿನ ತುದಿ, ತಲೆ ಹಿಂದಕ್ಕೆ ಬಾಗಿರುವ ಜಾಗ. ಪೆಟ್ಟಿಗೆಯಲ್ಲಿ ತಲೆಯ ಕೆಳಗೆ, ಅಕ್ಕಪಕ್ಕ ಒಂದು ಹಳೇ ಲುಂಗಿ ತುರುಕಿ, ತಂತಿ ಎರಡು ಸುತ್ತು ಸಡಿಲಿಸಿಡಿ. ಕಾಸಿಲ್ಲದ ಇನ್ಶೂರೆನ್ಸ್ ಅದು. ಕಾರ್ಬನ್ ಕತ್ತು ಇಂಥ ಪೆಟ್ಟನ್ನು ಮರಕ್ಕಿಂತ ಚೆನ್ನಾಗಿ ತಡೆಯುತ್ತದೆ, ಒಪ್ಪಿದೆ.

ಆದರೆ ಕರಿ ಗಿಟಾರಿನಲ್ಲಿ ಅಂಗಡಿಯವನು ಹೇಳದ ಸಂಗತಿಗಳೂ ಇವೆ. ಒಡಲು ನೀರು ಕುಡಿಯುವುದಿಲ್ಲ, ನಿಜ. ತಂತಿ ಉಕ್ಕಿನದೇ ತಾನೆ? ಕರಾವಳಿಯ ಉಪ್ಪುಗಾಳಿ, ಬೆರಳಿನ ಬೆವರು, ಎರಡಕ್ಕೂ ಅದು ತುಕ್ಕು ಹಿಡಿಯುತ್ತದೆ. ಕಿವಿ ತಿರುಗಿಸುವ ಗೇರುಗಳೂ ಅಷ್ಟೇ. ಒಳಗಿರುವ ಪಿಕಪ್ಪಿನ ಸರ್ಕ್ಯೂಟು, ಬ್ಯಾಟರಿಗಳಿಗೆ ನೀರೆಂದರೆ ಪ್ರಾಣಭಯ. ಮಳೆಯಲ್ಲಿ ನೆನೆದರೂ ಏನೂ ಆಗಲ್ಲ ಅನ್ನುವುದು ಪಿಕಪ್ ಇಲ್ಲದ ಗಿಟಾರಿನ ಮಾತು. ಬಿಸಿಲಿಗೆ ತಂತಿ ಹಿಗ್ಗಿ ಶ್ರುತಿ ಇಳಿಯುವುದೂ ತಪ್ಪದು. ಮತ್ತೊಂದು, ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ಹಳ್ಳಿ ಪೆಂಡಾಲಿನಲ್ಲಿ ಅರ್ತಿಂಗ್ ಇದೆಯೋ ಇಲ್ಲವೋ ಅಂತ ಮೊದಲು ಸೌಂಡಿನವನನ್ನು ಕೇಳಿ. ಮರದ ಗಿಟಾರಿನವರೂ ಕೇಳಬೇಕಾದ್ದೇ, ತಂತಿಯೂ ಲೋಹ, ಮೈಕೂ ಲೋಹ.

ಎಲ್ಲಕ್ಕಿಂತ ದೊಡ್ಡ ಮಾತು ರಿಪೇರಿ. ಗೆಳೆಯನ ಮರದ ಗಿಟಾರಿನ ಬ್ರಿಜ್ ಕಿತ್ತಾಗ ಅವನ ಅಪ್ಪ ಹಳೇ ಗೋಂದು ಕೆರೆದು, ಹೊಸದು ಹಚ್ಚಿ, ಶಿಕಂಜದಲ್ಲಿ ಬಿಗಿದು ಎರಡು ದಿನ ಬಿಟ್ಟು ಕೊಟ್ಟರು. ಖರ್ಚು ಒಂದು ಡಬ್ಬಿ ಅಂಟು. ಕಾರ್ಬನ್ ಒಡೆದರೆ? ಪದರ ಬಿಟ್ಟುಕೊಂಡರೆ? ಹೊರಗೆ ಸಣ್ಣ ಗೆರೆ ಕಾಣುತ್ತದೆ, ಒಳಗೆ ಅಂಗೈಯಗಲ ಬಿಟ್ಟಿರಬಹುದು. ಉಜ್ಜಿದರೆ ಏಳುವ ಧೂಳು ಚರ್ಮಕ್ಕೂ ಶ್ವಾಸಕ್ಕೂ ಒಳ್ಳೆಯದಲ್ಲ. ಹಾಸನದಲ್ಲಿ ಯಾರ ಬಳಿ ಒಯ್ಯುತ್ತಾನೆ? ಕೆಲವು ಮಾದರಿಗಳಲ್ಲಿ ಕತ್ತು ನೇರ ಮಾಡುವ ಕಂಬಿಯೂ ಇರುವುದಿಲ್ಲ, ಬಾಗುವುದೇ ಇಲ್ಲವಲ್ಲ ಅನ್ನುವ ಧೈರ್ಯ.

ಇನ್ನು ರೊಕ್ಕ. ರೈನ್‌ಸಾಂಗ್ ಜಾತಿಯ ಅಸಲಿ ಕಾರ್ಬನ್ ಗಿಟಾರಿಗೆ ಅಮೆರಿಕದಲ್ಲೇ ಎರಡು ಸಾವಿರ ಡಾಲರ್ ಆಸುಪಾಸಿನಿಂದ ಮೇಲಕ್ಕೆ. ಸಾಗಣೆ, ಸುಂಕ ಸೇರಿಸಿದರೆ ಎರಡು ಲಕ್ಷಕ್ಕೆ ಕೈ ಹಾಕಬೇಕು. ಐವತ್ತೈದು ಸಾವಿರ ಎಲ್ಲಿ, ಎರಡು ಲಕ್ಷ ಎಲ್ಲಿ! "ಇಪ್ಪತ್ತು ಸಾವಿರದೊಳಗೇ ಕಾರ್ಬನ್ ಸಿಗ್ತದಲ್ಲ ಗುರೂ" ಅಂದ ಗೆಳೆಯ. ಸಿಗುತ್ತದೆ. ಚೀನಾದಿಂದ ಬರುವ ಅಂಥವುಗಳಲ್ಲಿ ಬಹುಪಾಲು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿಗೆ ಕಾರ್ಬನ್ ನಾರಿನ ಚೂರು ಬೆರೆಸಿ ಅಚ್ಚು ಹೊಯ್ದದ್ದು. ಬೈಕಿಗೆ ಕಟ್ಟಿಕೊಂಡು ಆಗುಂಬೆ ಘಾಟಿ ಹತ್ತುವ ಕಾಲೇಜು ಹುಡುಗನಿಗೆ ಅದು ಭೇಷಾಗಿ ಸಾಕು, ಹವೆಗೂ ಹೆದರದು. ಆದರೆ ಗಾತ್ರ ಚಿಕ್ಕದು, ದನಿಯೂ ಚಿಕ್ಕದು, ಅದನ್ನೇ ನಂಬಿ ಅನ್ನ ದುಡಿಯುವವನಿಗೆ ನಾನು ಹೇಳಲಾರೆ. ಇನ್ನು ಕೆಲವು ಶುದ್ಧ ಮೋಸ: ಮೇಲೆ ಕಾರ್ಬನ್ ನೇಯ್ಗೆಯ ಸ್ಟಿಕ್ಕರ್, ಒಳಗೆ ಮಾಮೂಲಿ ಹಲಗೆ. ದನಿಗಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ, ಮರದ ಪಟ್ಟಿ ಕಂಡರೆ ಗೊತ್ತಾಯಿತಲ್ಲ.

ಹಾಗಾದರೆ ಅವನಿಗೆ ಏನು ಹೇಳಿದೆ? ಎರಡು ಲಕ್ಷ ಇದ್ದು, ವರ್ಷಕ್ಕೆ ನೂರು ರಾತ್ರಿ ನುಡಿಸುವವನಾದರೆ ಕಣ್ಣುಮುಚ್ಚಿ ಕರಿ ಗಿಟಾರ್ ತಗೋ ಅನ್ನುತ್ತಿದ್ದೆ. ಕರಾವಳಿ, ಬಯಲು ಎರಡೂ ಸುತ್ತುವವನಿಗೆ ಅದಕ್ಕಿಂತ ಒಳ್ಳೆ ಜೊತೆಗಾರ ಇಲ್ಲ. ಅಷ್ಟು ಇಲ್ಲದವನಿಗೆ ಪ್ಲೈವುಡ್! ಮೂಗು ಮುರಿಯಬೇಡಿ. ಪದರದ ಮೇಲೆ ಅಡ್ಡಡ್ಡ ಪದರ ಅಂಟಿಸಿದ ಹಲಗೆ ಅದು. ಒಂದು ಪದರ ಉಬ್ಬಲು ಹೊರಟರೆ ಇನ್ನೊಂದು ಬಿಡುವುದಿಲ್ಲ. ದನಿಯಲ್ಲಿ ಒಂದಾಣೆ ಕಡಿಮೆ, ತಾಳಿಕೆಯಲ್ಲಿ ನಾಲ್ಕಾಣೆ ಹೆಚ್ಚು. ಕೋಲ್ಕತ್ತದ ಗಿವ್ಸನ್ ಹಿಡಿದು ಎಷ್ಟು ಆರ್ಕೆಸ್ಟ್ರಾ ಹುಡುಗರು ಸಂಸಾರ ಸಾಗಿಸಿಲ್ಲ? ಪೂರ್ತಿ ಒಂಟಿಹಲಗೆಯ ದುಬಾರಿ ಗಿಟಾರನ್ನು ಮಾತ್ರ ಟೂರಿಗೆ ಒಯ್ಯಬಾರದು. ಅದು ಮನೆಯ ಹೆಣ್ಣುಮಗಳಿದ್ದ ಹಾಗೆ ಅನ್ನೋಣವೆಂದರೆ ಈಗಿನ ಹೆಣ್ಣುಮಕ್ಕಳು ನಮಗಿಂತ ಹೆಚ್ಚು ಊರು ಸುತ್ತುತ್ತಾರೆ, ಆ ಉಪಮೆ ಬೇಡ.

ಅವನು ಕೊನೆಗೆ ಹದಿನಾಲ್ಕು ಸಾವಿರಕ್ಕೆ ಪಿಕಪ್ ಸಮೇತ ಪ್ಲೈವುಡ್ ಗಿಟಾರು ತಗೊಂಡ. ಗಟ್ಟಿ ಪೆಟ್ಟಿಗೆಗೆ ಐದು ಸಾವಿರ. ಇನ್ನೂರು ಮುನ್ನೂರು ರೂಪಾಯಿಗೆ ತೇವ ತೋರಿಸುವ ಒಂದು ಪುಟ್ಟ ಮೀಟರು. ಮಳೆಸೀಮೆಗೆ ಹೊರಟಾಗ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ. ಒಣಸೀಮೆಗೆ ಹೊರಟಾಗ ಸೋಪಿನ ಡಬ್ಬಿಗೆ ತೂತು ಕೊರೆದು, ಹಿಂಡಿದ ಒದ್ದೆ ಸ್ಪಂಜು ಇಟ್ಟು ಅದೇ ಪೆಟ್ಟಿಗೆಯಲ್ಲಿ. ಊರು ಮುಟ್ಟಿದ ತಕ್ಷಣ ಪೆಟ್ಟಿಗೆ ತೆಗೆಯುವುದಿಲ್ಲ. ಗಂಟೆ ಹೊತ್ತು ಹಾಗೇ ಇಟ್ಟು, ಒಂದು ಟೀ ಕುಡಿದು ಬಂದು ಆಮೇಲೆ ತೆಗೆಯುತ್ತಾನೆ. ಬಿಸಿಲಲ್ಲಿ ಗಾಡಿ ನಿಂತರೆ ಗಿಟಾರು ಅವನ ಜೊತೆ ಹೋಟೆಲಿಗೆ ಬರುತ್ತದೆ. ಸಂಘದ ಸಾಲದಲ್ಲಿ ಅವ್ವನ ಪಾಲು ಪೂರ್ತಿ ವಾಪಸ್ ಕಟ್ಟಿದ.

ಮಾಲೀಕನಿಗೂ ಒಂದು ಮಾತು ಹೇಳಿ ಬಂದಿದ್ದಾನಂತೆ: ಈ ಗಣೇಶನ ಸೀಸನ್ ಪೂರ್ತಿ ಒಂದು ರಾತ್ರಿಯಾದರೂ ಗಿಟಾರು ಕೈಕೊಟ್ಟರೆ ಸಂಬಳವೇ ಬೇಡ. ಮಾಲೀಕ ಒಪ್ಪಿದ್ದಾನೆ. ಮೊದಲ ಕಾರ್ಯಕ್ರಮ ಉಡುಪಿಯ ಕಡೆ. ಬೆಳಿಗ್ಗೆ ಫೋನ್ ಮಾಡಿದ್ದ. ಟಿ.ಟಿ.ಯಲ್ಲಿ ಜಾಗ ಸಾಲದೆ ಇವನನ್ನು ಬಸ್ಸಿಗೆ ಕಳಿಸಿದ್ದಾರೆ. ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಲು ಇವನು ಒಪ್ಪಲಿಲ್ಲ, ಪಕ್ಕದ ಸೀಟಿನಲ್ಲಿ ನೆಟ್ಟಗೆ ಕೂರಿಸಿಕೊಂಡ. ಕಂಡಕ್ಟರು ನೋಡಿದ, ನಕ್ಕ, ಗಿಟಾರಿಗೂ ಒಂದು ಟಿಕೆಟ್ ಹರಿದ.